ತತ್ತ್ವಶಾಸ್ತ್ರ, ಮಹಿಳಾ ಅಧ್ಯಯನ ಓದಿದರೆ ಏನು ಸಿಗುತ್ತದೆ? ಉತ್ತರ ಕಲ್ಯಾಣದಲ್ಲೇ ಇದೆ

ನಮ್ಮ ಕಡೆ ಹೆಣ್ಣುಮಗಳೊಬ್ಬಳು ಡಿಗ್ರಿ ಮುಗಿಸಿ ಎಂ.ಎ. ಮಾಡುತ್ತೇನೆ ಅಂದರೆ, ಯಾವ ವಿಷಯ ಅಂತ ಮನೆಯವರು ಕೇಳುತ್ತಾರೆ. ಕನ್ನಡ, ಇಂಗ್ಲಿಷ್, ಅರ್ಥಶಾಸ್ತ್ರ ಅಂದರೆ ತಲೆ ಆಡಿಸುತ್ತಾರೆ. ತತ್ತ್ವಶಾಸ್ತ್ರ ಅಥವಾ ಮಹಿಳಾ ಅಧ್ಯಯನ ಅಂದರೆ ಮಾತು ಬೇರೆ. "ಅದು ಓದಿ ಏನ್ ಮಾಡ್ತೀ ಅವ್ವಾ? ನೌಕರಿ ಬರ್ತದೇನು?"

ಈ ಪ್ರಶ್ನೆ ತಪ್ಪಲ್ಲ. ಬಸ್ಸಿನ ಖರ್ಚು, ಹಾಸ್ಟೆಲ್ ಖರ್ಚು ಹೊರುವವರು ಕೇಳಲೇಬೇಕು. ನೌಕರಿಯ ಮಾತು ಈ ಬರಹದ ಕೊನೆಗೆ ಇದೆ. ಅದಕ್ಕೂ ಮೊದಲು ಒಂದು ಚರಿತ್ರೆ ಹೇಳಬೇಕು. ಇದು ದೂರದ ಊರಿನದಲ್ಲ. ರಾಜೇಶ್ವರದ ಹೆದ್ದಾರಿಯಲ್ಲಿ ನಿಂತರೆ ಒಂದು ಕಡೆ ಹುಮನಾಬಾದ್, ಇನ್ನೊಂದು ಕಡೆ ಬಸವಕಲ್ಯಾಣ. ಆ ವಿಭಾಗಗಳಲ್ಲಿ ಇವತ್ತು ಪಾಠ ಮಾಡುವ ಪ್ರಶ್ನೆಗಳ ಬಗ್ಗೆ ಒಂಬತ್ತು ನೂರು ವರ್ಷಗಳ ಹಿಂದೆ ಇದೇ ಕಲ್ಯಾಣದಲ್ಲಿ ವಾದ ನಡೆದಿತ್ತು. ಅದೂ ಒಂದು ಸಲವಲ್ಲ, ಎರಡು ಸಲ. ಒಮ್ಮೆ ಅರಮನೆಯ ಆಶ್ರಯದಲ್ಲಿ, ಇನ್ನೊಮ್ಮೆ ಶರಣರ ನಡುವೆ.

ಮೊದಲನೆಯ ವಾದ ಕಾನೂನಿನ ದಾರಿ ಹಿಡಿದು ನಮ್ಮ ಹೊಲದ ಪಹಣಿಯವರೆಗೆ ಬಂತು. ಎರಡನೆಯದು ನಮ್ಮ ನಾಲಿಗೆಯ ಮೇಲೆ ಉಳಿಯಿತು.

ಈ ವಿಷಯಗಳಲ್ಲಿ ಕಲಿಸುವುದೇನು?

ತತ್ವ ಅನ್ನುವ ಮಾತು ನಮಗೆ ಹೊಸದಲ್ಲ. ಏಕತಾರಿ, ದಮ್ಮಡಿ ಹಿಡಿದು ರಾತ್ರಿಯೆಲ್ಲಾ ತತ್ವಪದ ಹಾಡುವ ಭಜನಾ ಮೇಳಗಳು ನಮ್ಮ ಊರುಗಳಲ್ಲಿ ಇವತ್ತಿಗೂ ಇವೆ. ಕಡಕೋಳದ ಮಡಿವಾಳಪ್ಪನವರ ಪದಗಳನ್ನು ಕೇಳದೆ ಬೆಳೆದವರು ಈ ಸೀಮೆಯಲ್ಲಿ ಕಡಿಮೆ. ಹುಮನಾಬಾದಿನ ಮಾಣಿಕಪ್ರಭುಗಳು ಎಲ್ಲ ಮತಗಳ ಸಾರವೂ ಒಂದೇ ಎಂದು ಹೇಳಿದ್ದು 19ನೇ ಶತಮಾನದಲ್ಲಿ.

ಆ ಪದಗಳಲ್ಲಿ ಬರುವ ಪ್ರಶ್ನೆಗಳನ್ನೇ ವಿಶ್ವವಿದ್ಯಾಲಯದಲ್ಲಿ ಕ್ರಮವಾಗಿ ಕೇಳುತ್ತಾರೆ. ಇರುವುದು ಯಾವುದು? ಅದು ಇದೆ ಎಂದು ನಮಗೆ ಗೊತ್ತಾಗುವುದು ಹೇಗೆ? ಯಾವುದು ಸರಿ, ಯಾವುದು ತಪ್ಪು, ಅದನ್ನು ಯಾವ ಆಧಾರದ ಮೇಲೆ ಹೇಳುತ್ತೇವೆ? ತತ್ತ್ವಶಾಸ್ತ್ರ ಎಂದರೆ ಹೆಚ್ಚುಕಡಿಮೆ ಇಷ್ಟೇ.

ಮಹಿಳಾ ಅಧ್ಯಯನ, ಅಥವಾ ಈಗ ಕರೆಯುವಂತೆ ಲಿಂಗತ್ವ ಅಧ್ಯಯನ, ಇನ್ನೊಂದು ಪ್ರಶ್ನೆ ಸೇರಿಸುತ್ತದೆ. ಹುಟ್ಟಿನಿಂದ ಬಂದ ದೇಹ ಒಂದು. "ಹೆಣ್ಣೆಂದರೆ ಹೀಗಿರಬೇಕು, ಗಂಡೆಂದರೆ ಹೀಗಿರಬೇಕು" ಎಂದು ಊರು ಹಾಕಿದ ಕಟ್ಟಳೆ ಇನ್ನೊಂದು. ಹೆರುವುದು ದೇಹದ ಕೆಲಸ. ಆದರೆ ರೊಟ್ಟಿ ಬಡಿಯುವುದು ಹೆಣ್ಣಿನ ಕೆಲಸ, ಪಹಣಿಯಲ್ಲಿ ಹೆಸರು ಗಂಡಿನದು ಎನ್ನುವುದು ದೇಹದಿಂದ ಬಂದದ್ದಲ್ಲ. ಅದನ್ನು ಯಾರೋ ಗೊತ್ತು ಮಾಡಿದ್ದಾರೆ. ಯಾರು, ಯಾವಾಗ, ಏನೆಂದು ಹೇಳಿ ಗೊತ್ತು ಮಾಡಿದರು? ಫ್ರಾನ್ಸಿನ ಸಿಮೋನ್ ದ ಬೋವಾ ಈ ವಿಚಾರವನ್ನು 1949ರಲ್ಲಿ 'ದ ಸೆಕೆಂಡ್ ಸೆಕ್ಸ್' ಎಂಬ ದೊಡ್ಡ ಪುಸ್ತಕದಲ್ಲಿ ಬರೆದರು. ಎಚ್.ಎಸ್. ಶ್ರೀಮತಿ ಅದನ್ನು ಕನ್ನಡಕ್ಕೆ ತಂದಿದ್ದಾರೆ.

ಆದರೆ ಈ ಪ್ರಶ್ನೆಗಾಗಿ ಫ್ರಾನ್ಸಿಗೇ ಹೋಗಬೇಕಿಲ್ಲ.

ಅರಮನೆಯ ಆಶ್ರಯದಲ್ಲಿ ಹುಟ್ಟಿದ ಪುಸ್ತಕ

ಚಾಲುಕ್ಯರ ಒಂದನೇ ಸೋಮೇಶ್ವರ 11ನೇ ಶತಮಾನದ ನಡುವಿನಲ್ಲಿ ಮಾನ್ಯಖೇಟದಿಂದ, ಅಂದರೆ ಇವತ್ತಿನ ಮಳಖೇಡದಿಂದ, ರಾಜಧಾನಿಯನ್ನು ಕಲ್ಯಾಣಕ್ಕೆ ತಂದ. ಅವನ ಮಗ ಆರನೇ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಐವತ್ತು ವರ್ಷ ಆಳಿದ. ಅವನ ಕಾಲದಲ್ಲಿ ವಿದ್ವಾಂಸರು ಕಲ್ಯಾಣಕ್ಕೆ ಹುಡುಕಿಕೊಂಡು ಬರುತ್ತಿದ್ದರು. ಬಿಲ್ಹಣ ಎಂಬ ಕವಿ ಬಂದದ್ದು ಕಾಶ್ಮೀರದಿಂದ.

ಅದೇ ಕಾಲದಲ್ಲಿ ವಿಜ್ಞಾನೇಶ್ವರ ಎಂಬ ಪಂಡಿತ 'ಮಿತಾಕ್ಷರಾ' ಬರೆದ. ಕಲಬುರಗಿ ಜಿಲ್ಲೆಯ ಮರತೂರು ಅವನ ಊರು ಎಂದು ಹೇಳುತ್ತಾರೆ. ಹಳೆಯ ಯಾಜ್ಞವಲ್ಕ್ಯ ಸ್ಮೃತಿಗೆ ಸಂಸ್ಕೃತದಲ್ಲಿ ಬರೆದ ವಿವರಣೆ ಅದು. ಪುಸ್ತಕದ ಕೊನೆಗೆ ಅವನು ಕಲ್ಯಾಣ ನಗರವನ್ನೂ ಅದರ ರಾಜನನ್ನೂ ಹೊಗಳಿದ್ದಾನೆ. ಆಸ್ತಿಯ ಪಾಲಿನ ಬಗ್ಗೆ ಅವನು ಹೇಳಿದ ಮಾತು ಮುಂದೆ ಬಂಗಾಳ ಬಿಟ್ಟು ಭಾರತದ ಬಹುಭಾಗದಲ್ಲಿ ಹಿಂದೂ ಕಾನೂನಾಯಿತು.

ಅವನು ಹೇಳಿದ ಮುಖ್ಯ ಮಾತು ಇದು. ಹಿರಿಯರಿಂದ ಬಂದ ಆಸ್ತಿಯಲ್ಲಿ ಮಗನಿಗೆ ಹುಟ್ಟುತ್ತಲೇ ಹಕ್ಕು ಬರುತ್ತದೆ, ತಂದೆ ಸಾಯುವವರೆಗೆ ಕಾಯಬೇಕಿಲ್ಲ. ಬಂಗಾಳದ ಜೀಮೂತವಾಹನ 'ದಾಯಭಾಗ'ದಲ್ಲಿ ಬೇರೆ ಹೇಳಿದ. ಅವನ ಪ್ರಕಾರ ಹಕ್ಕು ಬರುವುದು ತಂದೆ ತೀರಿದ ಮೇಲೆ. "ಹಕ್ಕು ಎಲ್ಲಿಂದ ಹುಟ್ಟುತ್ತದೆ?" ಎಂಬುದೇ ಈ ಜಗಳದ ಮೂಲ. ಇದು ತತ್ತ್ವಶಾಸ್ತ್ರದ ಪ್ರಶ್ನೆ.

ಮಗನಿಗೆ ಹುಟ್ಟಿನಿಂದ ಹಕ್ಕು. ಮಗಳಿಗೆ? ಹುಟ್ಟಿನಿಂದ ಇಲ್ಲ ಎಂದಾಯಿತು. ನಮ್ಮ ಮನೆಗಳಲ್ಲಿ ಇವತ್ತಿಗೂ ನಡೆಯುವ ಪಾಲಿನ ಲೆಕ್ಕದ ಬೇರು ಇಲ್ಲಿದೆ.

ಆದರೆ ಅದೇ ಪುಸ್ತಕವನ್ನು ಪೂರ್ತಿ ಓದಿದವರು ಬೇರೆ ಮಾತುಗಳನ್ನೂ ಕಾಣುತ್ತಾರೆ. ಅಣ್ಣತಮ್ಮಂದಿರು ಪಾಲಾಗುವಾಗ ಮದುವೆಯಾಗದ ತಂಗಿಗೆ ಕಾಲು ಪಾಲು ಕೊಡಬೇಕು ಎಂದು ಹಳೆಯ ಸ್ಮೃತಿ ಹೇಳುತ್ತಿತ್ತು. ಅದು ಬರೀ ಮದುವೆ ಖರ್ಚಿನ ಮಾತು ಎಂದು ಕೆಲವರು ತಳ್ಳಿಹಾಕಿದ್ದರು. ವಿಜ್ಞಾನೇಶ್ವರ ಅದನ್ನು ಒಪ್ಪಲಿಲ್ಲ. ಅದು ಖರ್ಚಲ್ಲ, ನಿಜವಾದ ಪಾಲು ಎಂದ. ತಂದೆ ಇಲ್ಲದಾಗ ಮಕ್ಕಳು ಪಾಲಾದರೆ ತಾಯಿಗೂ ಮಗನಷ್ಟೇ ಪಾಲು ಎಂದ. ಸ್ತ್ರೀಧನ ಎಂದರೆ ತವರಿನವರು ಕೊಟ್ಟ ಬಂಗಾರ, ಸೀರೆ ಅಷ್ಟೇ ಅಲ್ಲ, ಹೆಣ್ಣು ವಾರಸಾಗಿ ಪಡೆದದ್ದು, ಕೊಂಡದ್ದು, ಪಾಲಿನಿಂದ ಬಂದದ್ದು ಎಲ್ಲವೂ ಅವಳ ಸ್ವಂತ ಎಂದು ಅರ್ಥ ಬಿಡಿಸಿದ.

ಮುಖ್ಯ ಬಾಗಿಲು ಮಗನಿಗೆ ತೆರೆದ ಪುಸ್ತಕವೇ ಹೆಣ್ಣಿಗೆ ಪಕ್ಕದ ಬಾಗಿಲುಗಳನ್ನೂ ಇಟ್ಟಿತ್ತು. ಆ ಬಾಗಿಲುಗಳಿಗೆ ಏನಾಯಿತು ಎಂಬುದನ್ನು ಮುಂದೆ ನೋಡೋಣ.

ಶರಣರ ನಡುವೆ ಹುಟ್ಟಿದ ಮಾತು

ವಿಕ್ರಮಾದಿತ್ಯ ತೀರಿಕೊಂಡು ಮೂವತ್ತು ನಲವತ್ತು ವರ್ಷ ಕಳೆದಿದ್ದವು. ಕಲ್ಯಾಣ ಕಳಚೂರಿ ಬಿಜ್ಜಳನ ಕೈಗೆ ಬಂದಿತ್ತು. ಅವನ ಭಂಡಾರಿಯಾಗಿದ್ದ ಬಸವಣ್ಣನ ಸುತ್ತ ಶರಣರು ಸೇರಿದರು. ತನಗೆ ಜನಿವಾರ ಹಾಕುವುದಾದರೆ ಅಕ್ಕನಿಗೆ ಯಾಕಿಲ್ಲ ಎಂದು ಬಸವಣ್ಣ ಬಾಲ್ಯದಲ್ಲೇ ಕೇಳಿದ ಎನ್ನುವ ಕಥೆ ನಮಗೆಲ್ಲ ಗೊತ್ತು. ಆ ಅಕ್ಕನಾಗಮ್ಮನ ಗವಿ ಬಸವಕಲ್ಯಾಣದಲ್ಲಿದೆ. ಹೋಗಿ ನೋಡಿ ಬಂದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ.

ಮಿತಾಕ್ಷರಾ ಸಂಸ್ಕೃತದಲ್ಲಿತ್ತು. ಅದನ್ನು ಓದಬಲ್ಲ ಹೆಂಗಸರು, ದುಡಿಯುವ ಜನ ಎಷ್ಟಿದ್ದರೋ ನೀವೇ ಲೆಕ್ಕ ಹಾಕಿ. ವಚನ ಕನ್ನಡದಲ್ಲಿತ್ತು. ಹಾಗಾಗಿ ನೂಲುವ ಕದಿರೆ ರೆಮ್ಮವ್ವೆಯೂ ಮಾತಾಡಿದಳು, ಭತ್ತ ಕುಟ್ಟುವ ಕೊಟ್ಟಣದ ಸೋಮವ್ವೆಯೂ ಮಾತಾಡಿದಳು. ಸೂಳೆ ಸಂಕವ್ವೆಯದು ಎಂದು ಉಳಿದಿರುವುದು ಒಂದೇ ವಚನ. ಆದರೂ ಅದು ಉಳಿದಿದೆ. ಮೂವತ್ತಕ್ಕೂ ಹೆಚ್ಚು ಹೆಂಗಸರ ವಚನಗಳು ನಮಗೆ ಸಿಕ್ಕಿವೆ. 12ನೇ ಶತಮಾನದಲ್ಲಿ ಒಂದೇ ಚಳವಳಿಯೊಳಗೆ ಇಷ್ಟು ಮಂದಿ ದುಡಿಯುವ ಹೆಂಗಸರು ಹೇಳಿದ ಮಾತು ಅವರವರ ಹೆಸರಿನಲ್ಲಿ ಉಳಿದದ್ದು ಅಪರೂಪ.

ಅವರು ಕೇಳಿದ್ದೇನು? ಜೇಡರ ದಾಸಿಮಯ್ಯ, ಗೊಗ್ಗವ್ವೆ ಇಬ್ಬರ ವಚನದಲ್ಲೂ ಒಂದೇ ವಿಚಾರ ಬರುತ್ತದೆ. ಮೈಮೇಲಿನ ಗುರುತು ನೋಡಿ ನಾವು ಹೆಣ್ಣು, ಗಂಡು ಎನ್ನುತ್ತೇವೆ. ಒಳಗಿರುವ ಜೀವಕ್ಕೆ ಆ ಗುರುತು ಎಲ್ಲಿದೆ? ಮಹಿಳಾ ಅಧ್ಯಯನದ ಮೊದಲ ವರ್ಷದ ಪಾಠವೂ ಇಲ್ಲಿಂದಲೇ ಶುರುವಾಗುತ್ತದೆ: ದೇಹ ಬೇರೆ, ಅದರ ಮೇಲೆ ಹೊರಿಸಿದ ಅರ್ಥ ಬೇರೆ.

ಆಯ್ದಕ್ಕಿ ಲಕ್ಕಮ್ಮನ ಕಥೆ ನೋಡಿ. ಗಂಡ ಮಾರಯ್ಯನ ಕಾಯಕ ಕೆಳಗೆ ಬಿದ್ದ ಅಕ್ಕಿ ಆಯ್ದು ತರುವುದು. ಒಂದು ದಿನ ದಿನದ ಅಳತೆಗಿಂತ ಹೆಚ್ಚು ಅಕ್ಕಿ ತಂದ. ಇಷ್ಟೇಕೆ ತಂದೆ, ಇದು ಆಸೆ, ಹೋಗಿ ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ತಿರುಗಿ ಕಳಿಸಿದಳು. ಎಷ್ಟಿದ್ದರೆ ಸಾಕು, ಯಾವುದು ದುಡಿಮೆ, ಯಾವುದು ದುರಾಸೆ? ಇದು ನೀತಿಯ ಪ್ರಶ್ನೆ. ಅದನ್ನು ಕೇಳಿದವಳು ಹೆಂಡತಿ. ತಪ್ಪೊಪ್ಪಿಕೊಂಡು ತಿರುಗಿ ಹೋದವನು ಗಂಡ.

ಉಡುತಡಿಯಿಂದ ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭು ಕಠಿಣವಾಗಿ ಪ್ರಶ್ನಿಸಿದ್ದು, ಅವಳು ಒಂದೊಂದಕ್ಕೂ ಉತ್ತರ ಕೊಟ್ಟಿದ್ದು 'ಶೂನ್ಯಸಂಪಾದನೆ'ಯಲ್ಲಿ ಬರುತ್ತದೆ. ವಿಶ್ವವಿದ್ಯಾಲಯದಲ್ಲಿ ಇದನ್ನು ಓದಿಸುವಾಗ ಇನ್ನೊಂದು ಮಾತೂ ಹೇಳುತ್ತಾರೆ. ಶೂನ್ಯಸಂಪಾದನೆ ಸಿದ್ಧವಾದದ್ದು 15ನೇ ಶತಮಾನದಲ್ಲಿ, ಅಂದರೆ ಅಕ್ಕ ಹೋಗಿ ಸುಮಾರು 250 ವರ್ಷಗಳಾದ ಮೇಲೆ. ಆ ಸಂಭಾಷಣೆ ಕಟ್ಟಿದವರು ಗಂಡಸರು. ಅಕ್ಕನ ಸ್ವಂತ ವಚನ ಯಾವುದು, ಅವಳ ಬಗ್ಗೆ ಇತರರು ಕಟ್ಟಿದ ಚಿತ್ರ ಯಾವುದು ಎಂದು ಬೇರ್ಪಡಿಸಿ ನೋಡಬೇಕು. ಇದರಿಂದ ಅಕ್ಕನಿಗೆ ಅಗೌರವ ಆಗುವುದಿಲ್ಲ. ಅವಳ ಮಾತನ್ನು ಅವಳ ಬಾಯಿಂದಲೇ ಕೇಳಬೇಕು ಎನ್ನುವ ಹಟ ಇದು.

"ಪುಣ್ಯಸ್ತ್ರೀ" ಎಂಬ ಗುರುತು

ವಚನದ ಸಂಪುಟಗಳನ್ನು ತೆರೆದರೆ ಇನ್ನೊಂದು ವಿಷಯ ಕಣ್ಣಿಗೆ ಬೀಳುತ್ತದೆ. ಹಲವು ಶರಣೆಯರ ಹೆಸರು ಬರುವುದು "ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ" ಎಂಬ ರೀತಿಯಲ್ಲಿ. ಅಂದರೆ ಇಂಥವರ ಹೆಂಡತಿ ಇಂಥವಳು. ಲಕ್ಕಮ್ಮನ ವಚನಗಳ ಅಂಕಿತದಲ್ಲೂ ಗಂಡ ಮಾರಯ್ಯನ ಹೆಸರಿದೆ. ಬಸವಣ್ಣನನ್ನು ಯಾರೂ ನೀಲಾಂಬಿಕೆಯ ಗಂಡ ಎಂದು ಪಟ್ಟಿ ಮಾಡಿಲ್ಲ.

ಈಗ ಮನೆಯಲ್ಲಿರುವ ಪಹಣಿ ತೆಗೆದು ನೋಡಿ. ಹೆಂಗಸಿನ ಹೆಸರು ಇದ್ದರೆ ಅದರ ಮುಂದೆ "ಗಂಡ" ಎಂದೋ "ಕೋಂ" ಎಂದೋ ಬರೆದು ಗಂಡಸಿನ ಹೆಸರು ಸೇರಿಸಿರುತ್ತಾರೆ. ಸಮಾನತೆ ಹೇಳಿದ ಶರಣರ ವಚನದ ಪಟ್ಟಿಗೂ ಸರ್ಕಾರದ ಕಾಗದಕ್ಕೂ ಇಲ್ಲಿ ಹೋಲಿಕೆ ಇದೆ. ಮಾತು ಎಷ್ಟು ಮುಂದೆ ಹೋದರೂ ಅದನ್ನು ಬರೆದಿಡುವ ಪದ್ಧತಿ ಹಿಂದೆಯೇ ಉಳಿಯಬಹುದು. ಇಂಥದ್ದನ್ನು ಗುರುತಿಸಲು ಕಲಿಸುವುದೇ ಈ ವಿಷಯಗಳ ಕೆಲಸ.

ವಚನಗಳು ಅಚ್ಚಾಗಿ ನಮ್ಮ ಕೈಗೆ ಬಂದದ್ದೂ ಸುಲಭವಾಗಿ ಅಲ್ಲ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ ತಾಳೆಗರಿ ಕೂಡಿಸಿದರು. 'ವಚನಶಾಸ್ತ್ರಸಾರ'ದ ಮೊದಲ ಭಾಗ ಬಂದದ್ದು 1923ರಲ್ಲಿ. ಆಗ ನಮ್ಮ ಬೀದರ್ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಆಡಳಿತದ ಭಾಷೆ ಉರ್ದು. ಕಲ್ಯಾಣದ ಮಾತು ಕಲ್ಯಾಣಕ್ಕೆ ಪುಸ್ತಕವಾಗಿ ತಿರುಗಿ ಬರಲು ಬೇರೆ ಸೀಮೆಯ ವಕೀಲರೊಬ್ಬರು ಬೇಕಾಯಿತು.

ಪುಸ್ತಕ ಕೋರ್ಟಿಗೆ ಹೋದಾಗ

ಮತ್ತೆ ಮಿತಾಕ್ಷರಾಕ್ಕೆ ಬರೋಣ. ಬ್ರಿಟಿಷರಿಗೆ ಹಿಂದೂಗಳ ಆಸ್ತಿ ವ್ಯಾಜ್ಯ ತೀರ್ಮಾನಿಸಲು ಒಂದು ಪುಸ್ತಕ ಬೇಕಿತ್ತು. 1810ರಲ್ಲಿ ಕೋಲ್‌ಬ್ರೂಕ್ ಎಂಬ ಅಧಿಕಾರಿ ಮಿತಾಕ್ಷರಾದ ಪಾಲಿನ ಭಾಗವನ್ನು ಇಂಗ್ಲಿಷಿಗೆ ತಂದ. ಅಲ್ಲಿಂದ ಅದು ಪಂಡಿತರ ವಾದದ ಪುಸ್ತಕವಾಗಿ ಉಳಿಯದೆ ಕೋರ್ಟಿನ ಕಾನೂನಾಯಿತು.

ಮಗನ ಹುಟ್ಟುಹಕ್ಕು ಗಟ್ಟಿಯಾಗಿ ನಿಂತಿತು. ಪಕ್ಕದ ಬಾಗಿಲುಗಳು ಮುಚ್ಚಿಕೊಂಡವು. ವಾರಸಾಗಿ ಬಂದದ್ದೂ ಹೆಣ್ಣಿನ ಸ್ವಂತ ಎಂದು ವಿಜ್ಞಾನೇಶ್ವರ ಹೇಳಿದ್ದ. ಆದರೆ ಗಂಡನಿಂದ ವಿಧವೆಗೆ ಬಂದ ಆಸ್ತಿ ಸ್ತ್ರೀಧನವಲ್ಲ ಎಂದು 1867ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ತೀರ್ಪು ಕೊಟ್ಟಿತು. ಅವಳು ಬದುಕಿರುವ ತನಕ ಉಣ್ಣಬಹುದು, ಅವಳ ನಂತರ ಆಸ್ತಿ ಗಂಡನ ವಾರಸುದಾರರಿಗೆ. "ಇದು ನಮ್ಮ ಹಳೇ ಪದ್ಧತಿ" ಎಂದು ನಾವು ನಂಬಿರುವ ಎಷ್ಟೋ ಸಂಗತಿಗಳು ಹೀಗೆ ಕೋರ್ಟಿನಲ್ಲಿ ಗಟ್ಟಿಯಾದವು.

ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಂಗಸರ ಹಕ್ಕಿಗೆ ಒಂದು ಕಾಯ್ದೆ ಮಾಡಿತು. ಬೀದರ್ ಮೈಸೂರಿನಲ್ಲಿ ಇರಲಿಲ್ಲ, ಹಾಗಾಗಿ ಆ ಕಾಯ್ದೆ ನಮ್ಮ ಅಜ್ಜಿಯರಿಗೆ ಸಿಗಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಡಾ. ಅಂಬೇಡ್ಕರ್ ಹಿಂದೂ ಕೋಡ್ ಬಿಲ್ ತಂದರು. ಅದು ಪಾಸಾಗದೆ ನಿಂತದ್ದೂ ಒಂದು ಕಾರಣವಾಗಿ 1951ರಲ್ಲಿ ಅವರು ಮಂತ್ರಿಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಆಮೇಲೆ ತುಂಡುತುಂಡಾಗಿ ಕಾಯ್ದೆಗಳು ಬಂದವು:

- 1956: ಹಿಂದೂ ಉತ್ತರಾಧಿಕಾರ ಕಾಯ್ದೆ. ವಿಧವೆಯ ಕೈಯಲ್ಲಿದ್ದ ಆಸ್ತಿ ಅವಳ ಪೂರ್ಣ ಸ್ವಂತವಾಯಿತು. ತಂದೆ ತೀರಿದ ಮೇಲೆ ಅವನ ಭಾಗದಲ್ಲಿ ಮಗಳಿಗೂ ಪಾಲು ಬಂತು. ಆದರೆ ಹಿರಿಯರ ಆಸ್ತಿಯಲ್ಲಿ ಹುಟ್ಟುಹಕ್ಕು ಮಗನಿಗೇ ಉಳಿಯಿತು.
- 1994ರ ಜುಲೈ 30: ಕರ್ನಾಟಕದ ತಿದ್ದುಪಡಿ ಜಾರಿಗೆ ಬಂತು. ಮಗಳಿಗೂ ಹುಟ್ಟುಹಕ್ಕು, ಆದರೆ ಅಷ್ಟರೊಳಗೆ ಮದುವೆಯಾದವರಿಗೆ ಇಲ್ಲ.
- 2005ರ ಸೆಪ್ಟೆಂಬರ್ 9: ಕೇಂದ್ರದ ತಿದ್ದುಪಡಿ. ಮದುವೆಯಾಗಿರಲಿ, ಆಗದಿರಲಿ, ಮಗಳಿಗೆ ಮಗನಷ್ಟೇ ಹುಟ್ಟುಹಕ್ಕು. 2004ರ ಡಿಸೆಂಬರ್ 20ಕ್ಕಿಂತ ಮೊದಲು ಕಾನೂನಿನ ಪ್ರಕಾರ ಆಗಿಹೋದ ಪಾಲುಗಳನ್ನು ಮಾತ್ರ ಮತ್ತೆ ತೆರೆಯುವುದಿಲ್ಲ.
- 2020ರ ಆಗಸ್ಟ್ 11: ಸುಪ್ರೀಂ ಕೋರ್ಟ್ ತೀರ್ಪು. 2005ರಲ್ಲಿ ತಂದೆ ಬದುಕಿರಲೇಬೇಕು ಎಂದಿಲ್ಲ, ಮಗಳ ಹಕ್ಕು ಅವಳ ಹುಟ್ಟಿನಿಂದಲೇ ಬಂದದ್ದು.

ಕಲ್ಯಾಣದಲ್ಲಿ ಮಗನಿಗೆ ಹೇಳಿದ ಮಾತು ಮಗಳಿಗೂ ಅನ್ವಯವಾಗಲು ಸುಮಾರು 900 ವರ್ಷ ಹಿಡಿಯಿತು.

ಇಲ್ಲಿ ಇನ್ನೊಂದು ಸಂಗತಿ ಇದೆ. 1956ರ ಕಾಯ್ದೆ ತಾನು ಯಾರಿಗೆ ಅನ್ವಯ ಎಂದು ಹೇಳುವಾಗ ವೀರಶೈವ, ಲಿಂಗಾಯತ ಎಂದು ಹೆಸರು ಹಿಡಿದೇ ಹೇಳುತ್ತದೆ. ಬಸವಣ್ಣನ ಫೋಟೋಕ್ಕೆ ಪೂಜೆ ಮಾಡುವ ಮನೆಗಳಲ್ಲೂ ಹೊಲ ಹಂಚುವಾಗ ನಡೆದದ್ದು ವಿಜ್ಞಾನೇಶ್ವರನ ಲೆಕ್ಕ. ಮುಸ್ಲಿಂ ಮನೆಗಳ ನಿಯಮ ಬೇರೆ, ಅಲ್ಲಿ ಮಗನ ಪಾಲಿನ ಅರ್ಧ ಮಗಳಿಗೆ ಎಂದಿದೆ. ಆದರೆ ಯಾವ ಮನೆಯಾದರೂ, ಪುಸ್ತಕದಲ್ಲಿ ಇರುವ ಪಾಲು ಮಗಳ ಕೈಗೆ ಬಂತೇ ಎಂಬ ಪ್ರಶ್ನೆ ಒಂದೇ.

ವಿಶ್ವವಿದ್ಯಾಲಯದ ಬಾಗಿಲಿಗೆ ಬಂದದ್ದು

ಮಹಿಳಾ ಅಧ್ಯಯನ ನಮ್ಮ ದೇಶದಲ್ಲಿ ವಿಷಯವಾಗಿ ಬೆಳೆದದ್ದು ಒಂದು ವರದಿಯಿಂದ. 1971ರಲ್ಲಿ ಕೇಂದ್ರ ಸರ್ಕಾರ ಹೆಂಗಸರ ಸ್ಥಿತಿಗತಿ ನೋಡಲು ಸಮಿತಿ ಮಾಡಿತು, ವರದಿ 1974ರ ಕೊನೆಗೆ ಬಂತು. ವೀಣಾ ಮಜುಂದಾರ್ ಅದರ ಸದಸ್ಯ ಕಾರ್ಯದರ್ಶಿ. 1901ರಲ್ಲಿ ಸಾವಿರ ಗಂಡಸರಿಗೆ 972 ಹೆಂಗಸರಿದ್ದರು, 1971ರ ಹೊತ್ತಿಗೆ 930ಕ್ಕೆ ಇಳಿದಿದ್ದರು. ಸಂವಿಧಾನ ಸಮಾನತೆ ಕೊಟ್ಟು ಎರಡು ದಶಕ ಕಳೆದರೂ ಹೆಂಗಸರ ಸಂಖ್ಯೆಯೇ ಕಡಿಮೆಯಾಗುತ್ತಿತ್ತು. ಇದನ್ನು ಇಷ್ಟು ವರ್ಷ ವಿಶ್ವವಿದ್ಯಾಲಯಗಳು ಯಾಕೆ ಗಮನಿಸಲಿಲ್ಲ ಎಂಬ ಪ್ರಶ್ನೆ ಎದ್ದಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಮಹಿಳಾ ಅಧ್ಯಯನವನ್ನು ಬೆಳೆಸಬೇಕು ಎಂದಿತು. ಯುಜಿಸಿ ನೆರವಿನಲ್ಲಿ ಅಧ್ಯಯನ ಕೇಂದ್ರಗಳು ಶುರುವಾದವು.

ನಮ್ಮ ಕಡೆಗೆ ಓದು ಬಂದದ್ದು ತಡವಾಗಿ. ಕಲಬುರಗಿಯಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ತೆರೆದದ್ದು 1970ರಲ್ಲಿ, ಅದು ಗುಲಬರ್ಗಾ ವಿಶ್ವವಿದ್ಯಾಲಯವಾದದ್ದು 1980ರಲ್ಲಿ. ಮಹಿಳಾ ಅಧ್ಯಯನ ವಿಭಾಗವಿರುವ ಹಂಪಿಯ ಕನ್ನಡ ವಿಶ್ವವಿದ್ಯಾಲಯ 1991ರದ್ದು. 2003ರಲ್ಲಿ ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯ ಶುರುವಾಯಿತು. ಹಳಕಟ್ಟಿಯವರು ವಚನ ಕೂಡಿಸಿದ ಊರಿನಲ್ಲೇ ಬಂದ ಆ ವಿಶ್ವವಿದ್ಯಾಲಯಕ್ಕೆ 2017ರಲ್ಲಿ ಅಕ್ಕಮಹಾದೇವಿಯ ಹೆಸರಿಟ್ಟರು. ಬೀದರ್ ಜಿಲ್ಲೆಗೆ ತನ್ನದೇ ವಿಶ್ವವಿದ್ಯಾಲಯ ಬಂದದ್ದು 2023ರಲ್ಲಿ, ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿ.

ಹಾಗಾದರೆ ಓದಿ ಏನು ಮಾಡುವುದು?

ನೌಕರಿಯ ಮಾತು ಮೊದಲು. ತತ್ತ್ವಶಾಸ್ತ್ರ, ಮಹಿಳಾ ಅಧ್ಯಯನ ಎರಡರಲ್ಲೂ ಯುಜಿಸಿಯ ನೆಟ್ ಪರೀಕ್ಷೆ ಇದೆ. ಪಾಸಾದವರು ಕಾಲೇಜಿನಲ್ಲಿ ಪಾಠ ಮಾಡಲು ಅರ್ಹರು. ಯುಪಿಎಸ್‌ಸಿಯಲ್ಲಿ ತತ್ತ್ವಶಾಸ್ತ್ರ ಐಚ್ಛಿಕ ವಿಷಯ. ಪದವಿ ಸಾಕು ಎನ್ನುವ ಯಾವ ಪರೀಕ್ಷೆಗೂ ಈ ಓದು ಅಡ್ಡಿಯಲ್ಲ. 371ಜೆ ಪ್ರಕಾರ ನಮ್ಮ ಭಾಗದ ವಿಶ್ವವಿದ್ಯಾಲಯಗಳಲ್ಲಿ ನೂರಕ್ಕೆ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ನೂರಕ್ಕೆ 8 ಸೀಟು ನಮ್ಮ ಮಕ್ಕಳಿಗೆ ಮೀಸಲು. ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ. ಆದರೆ ಹುದ್ದೆಗಳು ಬಹಳ ಇವೆ ಎಂದು ನಾವು ಆಸೆ ಹುಟ್ಟಿಸುವುದಿಲ್ಲ. ಕಾಲೇಜುಗಳಲ್ಲಿ ಈ ವಿಷಯಗಳ ಹುದ್ದೆ ಕಡಿಮೆ. ಸೇರುವ ಮೊದಲು ವಿಭಾಗಕ್ಕೆ ಹೋಗಿ, ಹಿಂದಿನ ವರ್ಷ ಓದಿದವರು ಈಗ ಏನು ಮಾಡುತ್ತಿದ್ದಾರೆ ಎಂದು ಕೇಳಿ.

ಇನ್ನೊಂದು ಮಾತು ನೌಕರಿಗಿಂತ ಹತ್ತಿರದ್ದು. ತಂದೆ ತೀರಿದ ಮೇಲೆ ಪೌತಿ ಖಾತೆ ಮಾಡಿಸಲು ನಾಡಕಚೇರಿಗೆ ಹೋಗುತ್ತಾರೆ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರನ್ನು ಬರೆಸುತ್ತಾರೋ ಇಲ್ಲವೋ ಅನ್ನುವುದು ಮೊದಲ ಪರೀಕ್ಷೆ. ಆಮೇಲೆ ಅಕ್ಕತಂಗಿಯರನ್ನು ಕರೆದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವುದು. "ತವರು ಉಳೀಬೇಕಲ್ಲಾ" ಎನ್ನುವ ಒಂದೇ ಮಾತಿಗೆ ಅವರು ಸಹಿ ಹಾಕುತ್ತಾರೆ. ಬಿಟ್ಟುಕೊಡುವುದು ಅವರ ಇಷ್ಟವಾದರೆ ಬಿಡಲಿ. ಆದರೆ ತನ್ನದು ಎಂದು ಗೊತ್ತಿದ್ದು ಬಿಡುವುದು ಬೇರೆ, ತನ್ನದಲ್ಲ ಎಂದು ನಂಬಿ ಬಿಡುವುದು ಬೇರೆ.

ಈ ಎರಡರ ನಡುವಿನ ವ್ಯತ್ಯಾಸ ಹಿಡಿದು ಹೇಳಬಲ್ಲ ಒಬ್ಬಳು ಮನೆಯಲ್ಲಿ ಇರಬೇಕು. ಪದ್ಧತಿ ಎನ್ನುವುದನ್ನು ಯಾರು ಯಾವಾಗ ಬರೆದರು ಎಂದು ಅವಳು ಕೇಳುತ್ತಾಳೆ. ಒಂದು ಶಬ್ದದ ಅರ್ಥ ಹೇಗೆ ಬಿಡಿಸಿದರೆ ಯಾರಿಗೆ ಎಷ್ಟು ಎಕರೆ ಹೋಗುತ್ತದೆ ಎಂದು ತೋರಿಸುತ್ತಾಳೆ. ವಿಜ್ಞಾನೇಶ್ವರ ಸ್ತ್ರೀಧನದ ಶಬ್ದ ಹಿಡಿದು ಮಾಡಿದ್ದೂ ಇದನ್ನೇ, ಲಂಡನ್ನಿನ ಕೋರ್ಟು ಮಾಡಿದ್ದೂ ಇದನ್ನೇ. ಅಕ್ಕಿ ತಿರುಗಿ ಕಳಿಸಿದ ಲಕ್ಕಮ್ಮನಿಗೂ ಈ ವಿದ್ಯೆ ಗೊತ್ತಿತ್ತು. ಈಗ ಅದಕ್ಕೆ ಎರಡು ವರ್ಷದ ಕೋರ್ಸು ಇದೆ, ಹಾಸ್ಟೆಲ್ ಇದೆ.

ಮಗಳು ಈ ವಿಷಯ ಓದುತ್ತೇನೆ ಅಂದರೆ ಒಮ್ಮೆ ಅವಳ ಜೊತೆ ಬಸವಕಲ್ಯಾಣಕ್ಕೆ ಹೋಗಿ ಬನ್ನಿ. ಸಹಿ ಹಾಕಿ ಎಂದು ಯಾರಾದರೂ ಕಾಗದ ತಂದರೆ, ಅದನ್ನು ಮೊದಲು ಅವಳ ಕೈಗೆ ಕೊಟ್ಟು ಜೋರಾಗಿ ಓದಿಸಿ.